ಕಷ್ಟಕಾಲದಲ್ಲಿ ನಂಬಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆಬೇರೆ ಮಾತುಗಳಲ್ಲಿ ಹೇಳುತ್ತಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿ ಒಟ್ಟಾಗಿ ಉತ್ತರಿಸುತ್ತಿದ್ದೇನೆ. ಬರೆದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ಯಜಮಾನರ ಎರಡೂ ಮೂತ್ರಪಿಂಡಗಳು ಕೆಟ್ಟು, ಬಹಳ ಕಾಲ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿದೆವು. ನಮ್ಮ ಚರ್ಚಿನ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿದರು. ಮನೆಗೆ ಬಂದ ಪ್ರಸಂಗಿಯೊಬ್ಬರು ಸಂಪೂರ್ಣ ನಂಬಿಕೆಯಿದ್ದರೆ ಔಷಧವೇ ಬೇಡ ಎಂದರು. ಕಳೆದ ವರ್ಷ ಯಜಮಾನರು ತೀರಿಕೊಂಡರು. ನನ್ನ ನಂಬಿಕೆ ಸಾಲದೆ ಹೋಯಿತೆಂದು ಈಗ ಕೆಲವರು ಆಡಿಕೊಳ್ಳುತ್ತಾರೆ. ಭಾನುವಾರ ಆರಾಧನೆಗೆ ಹೋಗುತ್ತೇನೆ, ಆದರೆ ಹಾಡಲು ಬಾಯಿ ಬರುವುದಿಲ್ಲ. ಮನೆಯಲ್ಲಿ ಪ್ರಾರ್ಥನೆಗೆ ಕುಳಿತರೆ ದೇವರ ಮೇಲೆ ಸಿಟ್ಟು ಬರುತ್ತದೆ. ನಾನು ನಂಬಿಕೆ ಕಳೆದುಕೊಂಡವಳೇ?
ಒಬ್ಬ ಸಹೋದರಿ, ಹಾಸನ ಜಿಲ್ಲೆ

ಉತ್ತರ: ಸಹೋದರಿಯವರೇ, ಮೊದಲು ಆ ಆಡಿಕೊಳ್ಳುವವರ ಮಾತನ್ನೇ ಎತ್ತಿಕೊಳ್ಳುತ್ತೇನೆ. ನಿಮ್ಮ ನಂಬಿಕೆ ಸಾಲದ್ದರಿಂದ ನಿಮ್ಮ ಯಜಮಾನರು ತೀರಿಕೊಂಡರು ಎಂಬುದು ಸುಳ್ಳು. ಅದನ್ನು ಯಾರೇ ಹೇಳಿರಲಿ, ಯಾವ ವೇದಿಕೆಯಿಂದಲೇ ಹೇಳಿರಲಿ, ಅದು ಸುವಾರ್ತೆಯಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಲೆಂದು ಕರ್ತನನ್ನು ಮೂರು ಸಾರಿ ಬೇಡಿಕೊಂಡದ್ದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಮುಳ್ಳು ತೊಲಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಮಾತ್ರ ಬಂದಿತು. ಅದೇ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿದ್ದಾಗ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು, ಮತ್ತೆ ಮತ್ತೆ ಕಾಯಿಲೆ ಬೀಳುತ್ತಿದ್ದ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ಬರೆದು ಕಳುಹಿಸಿದನು, ಲೂಕನನ್ನು ಪ್ರಿಯ ವೈದ್ಯನೆಂದು ಕರೆದನು. ಔಷಧವನ್ನು ಅಪನಂಬಿಕೆಯ ಗುರುತೆಂದು ಹೇಳುವವರು ಈ ಸಾಲುಗಳನ್ನು ಓದಿದ್ದಾರೆಯೇ ಎಂದು ನಾನು ಬೇಸರದಿಂದಲೇ ಕೇಳುತ್ತೇನೆ. ನೀವು ವಾರಕ್ಕೆ ಎರಡು ಸಲ ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಷ್ಟು ಹೊತ್ತು ಅಲ್ಲಿ ಕಾದು, ಮತ್ತೆ ಮನೆಗೆ ಕರೆತಂದದ್ದು ನಂಬಿಕೆಯ ಕೆಲಸವೇ ಆಗಿತ್ತು.

ಇನ್ನು ನಿಮ್ಮ ಸಿಟ್ಟಿನ ಮಾತು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಸೈರಣೆಯನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಹೊಗಳುತ್ತಾನೆ. ಆದ್ದರಿಂದ ಯೋಬನು ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸಿದವನೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯಗಳನ್ನಷ್ಟೇ ಓದಿ ನಿಲ್ಲಿಸಿದರೆ ಹಾಗೆ ಅನ್ನಿಸುವುದು ಸಹಜ. ಮೂರನೆಯ ಅಧ್ಯಾಯದಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಮುಂದೆ ದೇವರೊಡನೆ ವಾದಕ್ಕೆ ನಿಲ್ಲುತ್ತಾನೆ, ನನ್ನ ಮೇಲೆ ನಿನಗೇಕೆ ಇಷ್ಟು ಕಣ್ಣು ಎಂದು ಕೇಳುತ್ತಾನೆ. ಅವನ ಗೆಳೆಯರಾದರೋ ದೇವರ ಪರವಾಗಿ ಬಹಳ ಭಕ್ತಿಯ ಮಾತುಗಳನ್ನು ಆಡುತ್ತಾರೆ. ನೀನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರ ಕೋಪವು ಆ ಗೆಳೆಯರ ಮೇಲೆ ಉರಿಯುತ್ತದೆ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎಂದು ಆತನು ಅವರನ್ನು ಗದರಿಸುತ್ತಾನೆ. ಶಪಿಸಿದವನು, ವಾದಿಸಿದವನು, ಅತ್ತವನು ಸರಿಯಾಗಿ ಮಾತನಾಡಿದವನೆಂದು ಎಣಿಸಲ್ಪಟ್ಟದ್ದು ಏಕೆಂದರೆ ಅವನು ತನ್ನ ದೂರನ್ನು ಬೇರೆಲ್ಲಿಗೂ ಒಯ್ಯದೆ ದೇವರ ಮುಂದೆಯೇ ಇಟ್ಟನು. ನೀವು ಪ್ರಾರ್ಥನೆಗೆ ಕುಳಿತಾಗ ಸಿಟ್ಟು ಬರುತ್ತದೆ ಎಂದು ಬರೆದಿದ್ದೀರಿ. ಅಂದರೆ ನೀವು ಇನ್ನೂ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿದ್ದೀರಿ.

ನಿಮ್ಮ ಸತ್ಯವೇದದಲ್ಲಿ 88ನೆಯ ಕೀರ್ತನೆಯನ್ನು ತೆರೆದು ನೋಡಿ. ಸಂಕಟದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯ ಸಾಲುಗಳಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಗೆಳೆಯರು ದೂರವಾದರು, ಕತ್ತಲೆಯೊಂದೇ ಉಳಿಯಿತು ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ಇಂಥ ಹಾಡನ್ನು ದೇವಜನರು ತಮ್ಮ ಆರಾಧನೆಯ ಪುಸ್ತಕದಿಂದ ತೆಗೆದುಹಾಕದೆ ತಲೆಮಾರುಗಳ ಕಾಲ ಉಳಿಸಿಕೊಂಡು ಬಂದದ್ದನ್ನು ನೆನೆದಾಗ ನನಗೆ ಧೈರ್ಯ ಬರುತ್ತದೆ. ಸ್ತೋತ್ರಕ್ಕೆ ಬಾಯಿ ಬಾರದವರಿಗೂ ಸಭೆಯಲ್ಲಿ ಒಂದು ಹಾಡು ಇದೆ ಎಂದು ಇದರ ಅರ್ಥ. ಸ್ವಂತ ಮಾತು ಹುಟ್ಟದ ದಿನಗಳಲ್ಲಿ ಈ ಕೀರ್ತನೆಯನ್ನೋ, ಎಷ್ಟರವರೆಗೆ ಎಂದು ಆರಂಭವಾಗುವ 13ನೆಯ ಕೀರ್ತನೆಯನ್ನೋ ಗಟ್ಟಿಯಾಗಿ ಓದಿ ಎದ್ದುಬಿಡಿ. ಅಷ್ಟು ಸಾಕು.

ಭಾನುವಾರ ನೀವು ಸುಮ್ಮನೆ ಕುಳಿತಿರುವಾಗ ನಿಮ್ಮ ಸುತ್ತಲಿನವರು ಹಾಡುತ್ತಾರಲ್ಲವೇ? ಆ ಹಾಡನ್ನು ನಿಮ್ಮ ಪರವಾಗಿ ಹಾಡಿದ್ದೆಂದು ತೆಗೆದುಕೊಳ್ಳಿ. ಇದು ಸಮಾಧಾನಕ್ಕಾಗಿ ಕಟ್ಟಿದ ಮಾತಲ್ಲ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಕಾಣದೆ ಮಾಳಿಗೆಯನ್ನು ಬಿಚ್ಚಿ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿ ರೋಗಿಯ ಸಂಗಡ ಮಾತನಾಡಿದನೆಂದು ಅಲ್ಲಿ ಬರೆದಿದೆ. ಹಾಸಿಗೆಯ ಮೇಲೆ ಮಲಗಿದ್ದವನ ನಂಬಿಕೆ ಎಷ್ಟಿತ್ತೆಂದು ಯಾರೂ ಅಳೆಯಲಿಲ್ಲ. ಕಷ್ಟದಲ್ಲಿರುವವನು ತನ್ನ ನಂಬಿಕೆಯನ್ನು ತಾನೊಬ್ಬನೇ ಹೊರಬೇಕೆಂಬ ನಿಯಮ ಕ್ರೈಸ್ತ ಧರ್ಮದಲ್ಲಿ ಎಂದೂ ಇರಲಿಲ್ಲ. ಅದನ್ನು ಮರೆತಿರುವುದು ನಮ್ಮ ಸಭೆಗಳ ದೊಡ್ಡ ಕೊರತೆಯೆಂದು ನಾನು ತಿಳಿದಿದ್ದೇನೆ.

ಪಂಡಿತಾ ರಮಾಬಾಯಿಯವರ ಹೆಸರನ್ನು ನೀವು ಕೇಳಿರಬಹುದು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1874ರ ಬರದಲ್ಲಿ ಹಸಿವಿನಿಂದ ತಂದೆ ತಾಯಿ ತೀರಿಕೊಂಡರು, ಅನಂತರ ಅಕ್ಕ, 1880ರಲ್ಲಿ ಅಣ್ಣ, 1882ರಲ್ಲಿ ಗಂಡ. ಕೈಯಲ್ಲಿ ಎಳೆಯ ಹೆಣ್ಣುಮಗು ಉಳಿಯಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರೂ ಅಲ್ಲಿನ ಗುರುಗಳು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳದೆ ಪತ್ರಗಳಲ್ಲಿ ವಾದಿಸಿದರು. ಮುಂದೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಆಶ್ರಮವನ್ನು ಕಟ್ಟಿ ಬರಗಾಲದಲ್ಲಿ ದಿಕ್ಕಿಲ್ಲದಾದ ನೂರಾರು ಹೆಣ್ಣುಮಕ್ಕಳನ್ನು ಸಾಕಿದರು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ, ಗುಲ್ಬರ್ಗದಲ್ಲಿ ಶಾಲೆಯನ್ನು ತೆರೆದಿದ್ದ ಮಗಳು, ತೀರಿಕೊಂಡಳು. ಮೂಲಭಾಷೆಗಳಿಂದ ಮರಾಠಿಗೆ ಸತ್ಯವೇದವನ್ನು ಅನುವಾದಿಸುವ ಕೆಲಸವನ್ನು ಮುಗಿಸಿ ರಮಾಬಾಯಿ 1922ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು. ನೀವೂ ಹಾಗೆ ದೊಡ್ಡ ಕೆಲಸ ಮಾಡಬೇಕೆಂದು ಇದನ್ನು ಹೇಳುತ್ತಿಲ್ಲ. ಒಬ್ಬರ ಹಿಂದೆ ಒಬ್ಬರಂತೆ ಮನೆಯವರೆಲ್ಲರನ್ನೂ ಕಳೆದುಕೊಂಡ ಈ ತಾಯಿಯ ನಂಬಿಕೆ ಸಾಲದಾಗಿತ್ತು ಎನ್ನುವ ಧೈರ್ಯ ಯಾರಿಗಿದೆ? ನಿಮ್ಮ ವಿಷಯದಲ್ಲಿಯೂ ಆ ಅಳತೆಗೋಲು ಸಲ್ಲದು.

ಕೊನೆಯದಾಗಿ ಒಂದು ವಿಚಾರಣೆ. ರಾತ್ರಿ ನಿದ್ದೆ ಬರುತ್ತಿದೆಯೇ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಸಾಯಬೇಕೆಂದು ಬೇಡಿಕೊಂಡು ಅಡವಿಯಲ್ಲಿ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎರಡು ಸಲ ತಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಟ್ಟನು, ನಡುವೆ ಮಲಗಲು ಬಿಟ್ಟನು. ತಿಂಗಳುಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನ್ನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಿರಿ. 14416 ಎಂಬ ಟೆಲಿ ಮಾನಸ್ (ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ಬೆಂಗಳೂರಿಗೆ ಕೆಲಸಕ್ಕೆ ಬಂದಾಗ ಬಾಡಿಗೆ ಮನೆ ಸಿಗಲೆಂದು ನಾನು ಕ್ರೈಸ್ತನಲ್ಲ ಎಂದು ಹೇಳಿದೆ. ಅಲ್ಲಿಂದ ಮುಂದೆ ಕಚೇರಿಯಲ್ಲಿಯೂ ಹಾಗೆಯೇ ನಡೆದುಕೊಂಡೆ. ಮನೆಯ ಮಾಲೀಕರಿಗೆ ತಿಳಿದೀತೆಂದು ಚರ್ಚಿಗೆ ಹೋಗುವುದನ್ನು ಬಿಟ್ಟೆ, ಆಮೇಲೆ ಹೋಗಬೇಕೆಂದೂ ಅನ್ನಿಸಲಿಲ್ಲ. ಹೀಗೆ ಎಷ್ಟೋ ವರ್ಷಗಳಾದವು. ತಂದೆ ತೀರಿಕೊಂಡ ಮೇಲೆ ಹಿಂದಿರುಗುವ ಮನಸ್ಸಾಗಿದೆ. ಕರ್ತನನ್ನು ಅಲ್ಲಗಳೆದವನಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಮೇಜಿನಲ್ಲಿ ಸ್ಥಳವುಂಟೇ?
ಒಬ್ಬ ಯುವಕ, ಬೆಂಗಳೂರು

ಉತ್ತರ: ಉಂಟು. ಈ ಪ್ರಶ್ನೆಯನ್ನು ಸಭೆಯು ಬಹಳ ಹಿಂದೆ, ರಕ್ತ ಚೆಲ್ಲಿದ ದಿನಗಳಲ್ಲಿ ಎದುರಿಸಿ ತೀರ್ಮಾನಿಸಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನು ಸಾಮ್ರಾಜ್ಯದವರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದೇವೆಂಬ ಪ್ರಮಾಣಪತ್ರವನ್ನು ಅಧಿಕಾರಿಗಳಿಂದ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಈಗಲೂ ಸಿಕ್ಕಿವೆ. ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತರಲ್ಲಿ ಕೆಲವರು ಸೆರೆಮನೆಗೆ ಹೋದರು, ಕೆಲವರು ಸತ್ತರು, ಬಹಳ ಮಂದಿ ಬಲಿ ಅರ್ಪಿಸಿದರು, ಇನ್ನು ಕೆಲವರು ಬಲಿ ಅರ್ಪಿಸದೆ ಹಣ ಕೊಟ್ಟು ಪತ್ರವನ್ನು ಮಾತ್ರ ಕೊಂಡುಕೊಂಡರು. ಹಿಂಸೆ ತಗ್ಗಿದಾಗ, ಹೀಗೆ ನಂಬಿಕೆಯಿಂದ ಬಿದ್ದವರು ಅಳುತ್ತ ಸಭೆಯ ಬಾಗಿಲಿಗೆ ಬಂದರು. ಇವರನ್ನು ಎಂದಿಗೂ ಸೇರಿಸಬಾರದೆಂದು ರೋಮಿನ ನೊವಾತಿಯನನ ಪಕ್ಷದವರು ಪಟ್ಟು ಹಿಡಿದರು. ಏನೂ ಕೇಳದೆ ಇಂದೇ ಸೇರಿಸಬೇಕೆಂದು ಮತ್ತೆ ಕೆಲವರು ಒತ್ತಾಯಿಸಿದರು. ಕಾರ್ಥೇಜಿನ ಬಿಷಪ್ ಸಿಪ್ರಿಯನನು 251ರಲ್ಲಿ ಉಳಿದ ಬಿಷಪರೊಡನೆ ಸಭೆ ಸೇರಿ ಎರಡನ್ನೂ ಒಪ್ಪದ ದಾರಿಯನ್ನು ಹಿಡಿದನು: ಒಬ್ಬೊಬ್ಬರ ಸಂಗತಿಯನ್ನೂ ವಿಚಾರಿಸಿ, ಪಶ್ಚಾತ್ತಾಪಕ್ಕೆ ಕಾಲ ಕೊಟ್ಟು, ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳುವುದು. ಸ್ವಲ್ಪ ಕಾಲದಲ್ಲಿಯೇ ಹೊಸ ಹಿಂಸೆಯ ಸೂಚನೆ ಕಂಡಾಗ, ಪಶ್ಚಾತ್ತಾಪದಲ್ಲಿ ನಿಂತಿದ್ದವರೆಲ್ಲರಿಗೂ ಆ ಬಿಷಪರು ಪ್ರಭುಭೋಜನವನ್ನು ತೆರೆದರು; ಹೋರಾಟಕ್ಕೆ ಹೋಗಬೇಕಾದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಅವರ ಕಾರಣ. ಈ ಸಿಪ್ರಿಯನನು ಡೇಸಿಯಸನ ಹಿಂಸೆಯಲ್ಲಿ ಅಡಗಿಕೊಂಡಿದ್ದನೆಂದು ನಿಂದೆಗೆ ಒಳಗಾಗಿದ್ದವನು, 258ರಲ್ಲಿ ಕತ್ತಿಗೆ ತಲೆಯೊಡ್ಡಿದವನೂ ಹೌದು.

ಜಪಾನಿನ ಸಂಗತಿ ನನ್ನ ಮನಸ್ಸನ್ನು ಇನ್ನೂ ಹೆಚ್ಚು ಹಿಡಿಯುತ್ತದೆ. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮವನ್ನು ದೇಶಾದ್ಯಂತ ನಿಷೇಧಿಸಿದರು. ಗುರುಗಳನ್ನು ಹೊರಗಟ್ಟಿದರು, ಸಿಕ್ಕವರನ್ನು ಕೊಂದರು. ನಾಗಸಾಕಿಯ ಸುತ್ತಮುತ್ತ ಜನರನ್ನು ವರ್ಷ ವರ್ಷವೂ ಕರೆದು ಯೇಸುವಿನ ಅಥವಾ ಮರಿಯಮ್ಮನ ರೂಪವಿದ್ದ ಫಲಕವನ್ನು ತುಳಿಸುತ್ತಿದ್ದರು; ತುಳಿಯದವರು ಕ್ರೈಸ್ತರೆಂದು ಹಿಡಿಯಲ್ಪಡುತ್ತಿದ್ದರು. ಗುಟ್ಟಿನಲ್ಲಿ ಉಳಿದಿದ್ದ ಕ್ರೈಸ್ತರು ತುಳಿದರು. ತುಳಿದು ಮನೆಗೆ ಬಂದು, ಹಿರಿಯರು ಬಾಯಿಪಾಠ ಮಾಡಿಸಿದ್ದ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿ ಕ್ಷಮೆ ಬೇಡಿದರು. ಪಾಪನಿವೇದನೆಯನ್ನು ಕೇಳಲು ಒಬ್ಬ ಗುರುವೂ ಇರಲಿಲ್ಲ. ಊರಿನಲ್ಲಿ ಒಬ್ಬರು ಹಬ್ಬಗಳ ಪಂಚಾಂಗವನ್ನು ನೋಡಿಕೊಂಡರು, ಇನ್ನೊಬ್ಬರು ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು, ಹೀಗೆ ಏಳೆಂಟು ತಲೆಮಾರುಗಳು ಕಳೆದವು. 1865ರ ಮಾರ್ಚ್ 17ರಂದು, ವಿದೇಶಿಯರಿಗಾಗಿ ನಾಗಸಾಕಿಯ ಔರದಲ್ಲಿ ಹೊಸದಾಗಿ ಕಟ್ಟಿದ್ದ ಚರ್ಚಿಗೆ ಉರಕಾಮಿ ಎಂಬ ಊರಿನ ಕೆಲವರು ಬಂದು, ಅಲ್ಲಿದ್ದ ಫ್ರೆಂಚ್ ಪಾದ್ರಿ ಪೆಟಿಜಾನರ ಬಳಿ ತಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಹೇಳಿ, ಮರಿಯಮ್ಮನ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಅವರ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಬಹಿರಂಗವಾದ ಮೇಲೆ ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದೇಶದ ಬೇರೆಬೇರೆ ಕಡೆಗೆ ಗಡೀಪಾರು ಮಾಡಿದರು, ನೂರಾರು ಜನ ಅಲ್ಲಿಯೇ ಸತ್ತರು, ಉಳಿದವರಿಗೆ 1873ರಲ್ಲಿ ಬಿಡುಗಡೆಯಾಯಿತು.

ತುಳಿದವರು ಮತ್ತು ಎರಡೂವರೆ ಶತಮಾನ ನಂಬಿಕೆಯನ್ನು ಕಾದವರು ಒಂದೇ ಜನ ಎಂಬುದನ್ನು ನೀವು ಗಮನಿಸಬೇಕು. ಎಂದೂ ಜಾರದವರಿಗೆ ಮಾತ್ರ ಸೈರಣೆ ಎಂಬ ಹೆಸರು ಸಲ್ಲುತ್ತದೆಂದು ನಾವು ಹೇಳಿದರೆ ಉರಕಾಮಿಯವರನ್ನು ಹೊರಗಿಡಬೇಕಾಗುತ್ತದೆ, ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನನ್ನೂ ಹೊರಗಿಡಬೇಕಾಗುತ್ತದೆ. ಪೇತ್ರನು ಅಲ್ಲಗಳೆಯುವ ಮೊದಲೇ ಯೇಸು ಅವನಿಗೆ, ನಿನ್ನ ನಂಬಿಕೆ ಕುಂದದಂತೆ ನಿನಗೋಸ್ಕರ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಹೇಳಿದ್ದನು. ಬೀಳುವುದಕ್ಕಿಂತ ಮುಂಚೆಯೇ ಅವನಿಗೆ ತಿರುಗಿ ಬಂದ ಮೇಲಿನ ಕೆಲಸವನ್ನು ಕೊಟ್ಟಾಗಿತ್ತು.

ಆದರೂ ಒಂದು ಮಾತನ್ನು ಮರೆಮಾಚುವುದಿಲ್ಲ. ನಿಮ್ಮ ಭಯ ಮನೆಯ ಮಾಲೀಕರಿಂದ ಆರಂಭವಾದರೂ, ಆಮೇಲೆ ಹೋಗಬೇಕೆಂದೇ ಅನ್ನಿಸಲಿಲ್ಲ ಎಂದು ನೀವೇ ಬರೆದಿದ್ದೀರಿ. ಸೂರು ಸಿಗಲೆಂದು ಹೆದರಿ ಆಡಿದ ಮಾತಿಗಿಂತ ಈ ಎರಡನೆಯದನ್ನು ಕುರಿತು ನೀವು ಹೆಚ್ಚು ಯೋಚಿಸಬೇಕು. ಕೆಂಡವನ್ನು ಒಲೆಯಿಂದ ಹೊರಗೆ ಎಳೆದಿಟ್ಟರೆ ಅದು ತಾನಾಗಿಯೇ ಆರುತ್ತದೆ. ನಿಮ್ಮ ಮನೆಗೆ ಹತ್ತಿರದ ಸಭೆಯ ಸಭಾಪಾಲಕರನ್ನು ವಾರದ ನಡುವೆ, ಜನವಿಲ್ಲದ ಹೊತ್ತಿನಲ್ಲಿ ಭೇಟಿಯಾಗಿ, ನನಗೆ ಬರೆದದ್ದನ್ನೇ ಅವರಿಗೂ ಹೇಳಿ. ಇಡೀ ಸಭೆಯ ಮುಂದೆ ನಿಂತು ಅರಿಕೆ ಮಾಡಿಕೊಳ್ಳುವ ಅಗತ್ಯವಿಲ್ಲ. ಅವರೊಡನೆ ಪ್ರಾರ್ಥಿಸಿದ ಮೇಲೆ ಬರುವ ಪ್ರಭುಭೋಜನದಲ್ಲಿ ಭಾಗವಹಿಸಿರಿ. ತಾಯಿಯವರು ಬದುಕಿದ್ದರೆ ಮೊದಲು ಅವರಿಗೆ ತಿಳಿಸಿ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಸಭೆಯ ಹಿರಿಯರಿಗೆ ಹೇಳಿದರೆ, ಇದು ನಿನ್ನ ಶಿಲುಬೆ, ಹೊತ್ತುಕೋ, ನಿನ್ನ ಸಹನೆಯಿಂದ ಅವನು ಬದಲಾಗುತ್ತಾನೆ ಎನ್ನುತ್ತಾರೆ. ಮಕ್ಕಳು ಹೆದರುತ್ತಾರೆ. ತವರಿಗೆ ಹೋದರೆ ದೇವರಿಗೆ ಅವಿಧೇಯಳಾಗುತ್ತೇನೆಯೇ?
ಹೆಸರು ಬೇಡ

ಉತ್ತರ: ಇಲ್ಲಮ್ಮ, ಆಗುವುದಿಲ್ಲ. ಇಂದೇ ಹೋಗುವಂತಿದ್ದರೆ ಇಂದೇ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಯೇಸು ಹೊರಲು ಹೇಳಿದ ಶಿಲುಬೆ ಆತನನ್ನು ಹಿಂಬಾಲಿಸುವುದರಿಂದ ಬರುವ ಕಷ್ಟ. ಒಬ್ಬ ಕುಡುಕನ ಏಟು ಅದರಲ್ಲಿ ಸೇರುವುದಿಲ್ಲ. ಐದು ಸಾರಿ ಒಂದು ಕಡಿಮೆ ನಲವತ್ತು ಏಟುಗಳನ್ನು ತಿಂದ ಪೌಲನು ಸಹ, ತಪ್ಪಿಸಿಕೊಳ್ಳಲು ದಾರಿಯಿದ್ದಾಗ ತಪ್ಪಿಸಿಕೊಂಡನು. ದಮಸ್ಕದಲ್ಲಿ ಹೆಡಿಗೆಯಲ್ಲಿ ಕುಳಿತು ಗೋಡೆಯಿಂದ ಇಳಿದನು, ಯೆರೂಸಲೇಮಿನಲ್ಲಿ ಕೊರಡೆಗಳಿಂದ ಹೊಡೆಯಲು ಕಟ್ಟಿದಾಗ ನಾನು ರೋಮಿನ ಹಕ್ಕುದಾರ, ವಿಚಾರಣೆಯಿಲ್ಲದೆ ನನ್ನನ್ನು ಹೊಡೆಯುವುದು ನ್ಯಾಯವೋ ಎಂದು ಕಾನೂನನ್ನು ಮುಂದಿಟ್ಟನು. ನಿಮಗೂ ಕಾನೂನಿನ ರಕ್ಷಣೆಯಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ಪ್ರಕಾರ ಗಂಡನು ನಿಮ್ಮ ಹತ್ತಿರ ಬಾರದಂತೆ ಮ್ಯಾಜಿಸ್ಟ್ರೇಟರಿಂದ ಆದೇಶವನ್ನೂ, ವಾಸಕ್ಕೆ ಮನೆ ಮತ್ತು ಜೀವನಾಂಶವನ್ನೂ ಕೇಳಬಹುದು. ಅರ್ಜಿ ಸಲ್ಲಿಸಲು ರಕ್ಷಣಾಧಿಕಾರಿಗಳು ನೆರವಾಗುತ್ತಾರೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ನೊಂದ ಮಹಿಳೆಯರಿಗೆ ನೆರವಾಗುವ ಹತ್ತಿರದ ಸಾಂತ್ವನ ಕೇಂದ್ರದಲ್ಲಿಯೂ ವಿಚಾರಿಸಿ.

ನಿಮ್ಮ ಸಭೆಯ ಹಿರಿಯರಿಗೂ ಎರಡು ಮಾತು ಬರೆಯುವುದು ನನ್ನ ಕರ್ತವ್ಯ. ಅಣ್ಣಂದಿರೇ, ಆ ಹೆಣ್ಣುಮಗಳ ತಾಳ್ಮೆಯಿಂದ ಗಂಡ ಬದಲಾಗುತ್ತಾನೆಂದು ಹೇಳುವಾಗ ಅವನನ್ನು ಬದಲಾಯಿಸುವ ಹೊರೆಯನ್ನು ನೀವು ಏಟು ತಿನ್ನುವವಳ ಬೆನ್ನಿನ ಮೇಲೆ ಹಾಕುತ್ತಿದ್ದೀರಿ. ಹೋಗಿ ಅವನ ಎದುರು ನಿಲ್ಲಬೇಕಾದವರು ನೀವು. ಅವನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿಸಬೇಕಾದವರೂ, ಅಷ್ಟರವರೆಗೆ ಆ ತಾಯಿ ಮಕ್ಕಳಿಗೆ ಬಾಡಿಗೆಗೂ ಶಾಲೆಯ ಶುಲ್ಕಕ್ಕೂ ಸಭೆಯ ನಿಧಿಯಿಂದ ಹಣ ಕೊಡಬೇಕಾದವರೂ ನೀವೇ.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಫಸಲು ಪೂರ್ತಿ ಹೋಗಿದೆ, ಸಹಕಾರಿ ಸಂಘದ ಸಾಲ ಬೆಳೆಯುತ್ತಿದೆ. ಇದು ಯಾವುದೋ ಪಾಪಕ್ಕೆ ದೇವರ ಶಿಕ್ಷೆಯೇ? ಫಸಲನ್ನು ಚರ್ಚಿಗೆ ತಂದು ಅರ್ಪಿಸುವ ಬೆಳೆ ಹಬ್ಬ ಹತ್ತಿರ ಬರುತ್ತಿದೆ. ಮೊದಲು ಗೊನೆಗಟ್ಟಲೆ ತರುತ್ತಿದ್ದ ನಾವು ಈಗ ಬರಿಗೈಯಲ್ಲಿ ಹೇಗೆ ಹೋಗುವುದು?
ಒಬ್ಬ ಕೃಷಿಕ, ಕೊಪ್ಪ ತಾಲ್ಲೂಕು

ಉತ್ತರ: ಕೊಪ್ಪ, ಶೃಂಗೇರಿ, ಸುಳ್ಯದ ಕಡೆ ಈ ರೋಗ ಎಲ್ಲ ಮತದವರ ತೋಟಗಳಿಗೂ ಹಬ್ಬಿದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ ಬರುವ, ಇನ್ನೂ ಸರಿಯಾದ ಮದ್ದಿಲ್ಲದ ಕಾಯಿಲೆ ಅದು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದಿಂದ ಎಂದು ಕೇಳಿದಾಗ, ಇವನ ಪಾಪವೂ ಅಲ್ಲ, ಇವನನ್ನು ಹೆತ್ತವರ ಪಾಪವೂ ಅಲ್ಲ ಎಂದು ಯೇಸು ಉತ್ತರಿಸಿದ್ದಾನೆ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಜನರ ವಿಷಯದಲ್ಲಿಯೂ ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲವೆಂದಿದ್ದಾನೆ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ಹಬಕ್ಕೂಕನ ಗ್ರಂಥದ ಕೊನೆಯಲ್ಲಿ ಒಬ್ಬ ರೈತನ ಎಲ್ಲ ನಷ್ಟಗಳ ಪಟ್ಟಿಯೇ ಇದೆ: ಅಂಜೂರ ಚಿಗುರದು, ದ್ರಾಕ್ಷಿಯಲ್ಲಿ ಹಣ್ಣಿಲ್ಲ, ಎಣ್ಣೆಮರದ ಉತ್ಪತ್ತಿ ಇಲ್ಲ, ಹೊಲದಲ್ಲಿ ಬೆಳೆಯಿಲ್ಲ, ಹಟ್ಟಿಯಲ್ಲಿ ಕುರಿದನಗಳಿಲ್ಲ. ಆದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ ಪ್ರವಾದಿ. ನಷ್ಟವನ್ನು ಒಂದೊಂದಾಗಿ ಹೆಸರಿಟ್ಟು ಹೇಳಿದ ಮೇಲೆಯೇ ಆ ಮಾತು ಬರುತ್ತದೆ. ಯಾಜಕಕಾಂಡದ ಐದನೆಯ ಅಧ್ಯಾಯದಲ್ಲಿ ಪಾಪಪರಿಹಾರದ ಯಜ್ಞಕ್ಕೆ ಕುರಿ ತರಲಾರದವನು ಎರಡು ಪಾರಿವಾಳಗಳನ್ನೂ, ಅದಕ್ಕೂ ಗತಿಯಿಲ್ಲದವನು ಸ್ವಲ್ಪ ಹಿಟ್ಟನ್ನೂ ತರಬಹುದೆಂಬ ವಿಧಿಯಿದೆ. ಬಡವನು ಸಮುದಾಯದಿಂದ ಹೊರಗುಳಿಯಬಾರದೆಂದು ಧರ್ಮಶಾಸ್ತ್ರವೇ ದಾರಿ ಮಾಡಿಕೊಟ್ಟಿದೆ. ನಿಮ್ಮ ಮನೆಯ ಹಿತ್ತಿಲಿನಲ್ಲಿ ಸಿಗುವ ಒಂದು ಹಿಡಿ ಸೊಪ್ಪನ್ನು ತೆಗೆದುಕೊಂಡು ಹೋಗಿ.

ಜೊತೆಗೆ ಸಭೆಯ ಕಮಿಟಿಯ ಮುಂದೆ ಈ ಮಾತನ್ನು ಇಡಿ, ಬೇಕಿದ್ದರೆ ಈ ಪುಟವನ್ನೇ ತೋರಿಸಿ. ಬೆಳೆ ಹಬ್ಬದ ಏಲಂನಲ್ಲಿ ಯಾರು ಎಷ್ಟಕ್ಕೆ ಕೂಗಿದರೆಂದು ಹೆಸರು ಹಿಡಿದು ಘೋಷಿಸುವ ಪದ್ಧತಿಯನ್ನು ರೋಗ ಬಂದ ಊರುಗಳಲ್ಲಾದರೂ ಈ ವರ್ಷದಿಂದ ನಿಲ್ಲಿಸಲಿ. ಅಂದಿನ ಪಾಠವಾಗಿ ಹಬಕ್ಕೂಕನ ಮೂರನೆಯ ಅಧ್ಯಾಯವನ್ನು ಫಸಲು ಕಳೆದುಕೊಂಡ ಕೃಷಿಕರೊಬ್ಬರಿಂದಲೇ ಓದಿಸಲಿ. ಏಲಂನಿಂದ ಬಂದ ಹಣದಲ್ಲಿ ಒಂದು ಭಾಗವನ್ನು ತೋಟ ಹೋದ ಮನೆಗಳಿಗೆ, ಜಾತಿ ಮತ ನೋಡದೆ, ಕಾಳುಮೆಣಸು ಮತ್ತು ಕಾಫಿ ಸಸಿಗಳನ್ನು ಕೊಳ್ಳಲು ತೆಗೆದಿಡಲಿ.